ಮಳೆಯೂರು ಬರ್ಗೆನ್

ನಮ್ಮ ಕರಾವಳಿಯವರಿಗೂ ಮಲೆನಾಡಿನವರಿಗೂ ಮಳೆ ಹೊಸದಲ್ಲ. ಜೂನ್ ತಿಂಗಳ ಆರಂಭದಲ್ಲಿ ಹಿಡಿದ ಮಳೆ ನವರಾತ್ರಿಯ ಹೊತ್ತಿಗೆ ಬಿಡುತ್ತದೆ ಎಂಬ ಭರವಸೆ ಅವರಿಗೆ ಉಂಟು. ಈ ಭರವಸೆಯೇ ಇಲ್ಲದ ಊರೊಂದು ಯೂರೋಪಿನ ಉತ್ತರದ ಅಂಚಿನಲ್ಲಿದೆ. ನಾರ್ವೆ ದೇಶದ ಪಶ್ಚಿಮ ತೀರದ ಬರ್ಗೆನ್ ನಗರದಲ್ಲಿ ವರ್ಷದ ಹನ್ನೆರಡು ತಿಂಗಳೂ ಮಳೆಯ ತಿಂಗಳುಗಳೇ. ಒಂದು ವರ್ಷಕ್ಕೆ ಅಲ್ಲಿ ಬೀಳುವ ಮಳೆ 2,200 ಮಿಲಿಮೀಟರಿಗೂ ಅಧಿಕ. ಮಳೆ ಬೀಳುವ ದಿನಗಳು 200ಕ್ಕೂ ಹೆಚ್ಚು. 2006ರ ಅಕ್ಟೋಬರ್ ಕೊನೆಯಿಂದ 2007ರ ಜನವರಿಯವರೆಗೆ ಒಂದು ದಿನವೂ ತಪ್ಪದೆ 85 ದಿನಗಳ ಕಾಲ ಮಳೆ ಸುರಿಯಿತು. ಮೊತ್ತವನ್ನಷ್ಟೇ ನೋಡಿದರೆ ನಮ್ಮ ಮಂಗಳೂರಿನ ಮಳೆ ಇದಕ್ಕಿಂತ ಹೆಚ್ಚು. ಆಗುಂಬೆಯ ಮಾತಂತೂ ಹೇಳಬೇಕಾಗಿಯೇ ಇಲ್ಲ. ಆದರೆ ನಮ್ಮ ಮಳೆ ನಾಲ್ಕು ತಿಂಗಳಲ್ಲಿ ತನ್ನ ಕೆಲಸ ಮುಗಿಸಿ ಹೊರಡುತ್ತದೆ. ಬರ್ಗೆನ್ನಿನ ಮಳೆ ಮನೆಗೆ ಬಂದು ಎದ್ದು ಹೋಗದ ನೆಂಟನಂತೆ.

ಎರಡೂ ಕಡೆ ಮಳೆಗೆ ಕಾರಣ ಮಾತ್ರ ಒಂದೇ ಬಗೆಯದು. ಅರಬ್ಬೀ ಸಮುದ್ರದಿಂದ ಬೀಸುವ ತೇವದ ಗಾಳಿಯನ್ನು ಸಹ್ಯಾದ್ರಿ ತಡೆದು ಮೇಲಕ್ಕೆ ಏರಿಸುವುದರಿಂದ ಅದು ತಂಪಾಗಿ ಮಳೆಗರೆಯುತ್ತದೆ. ಅಂತೆಯೇ ಅಟ್ಲಾಂಟಿಕ್ ಸಾಗರದ ಕಡೆಯಿಂದ ಬೀಸುವ ಗಾಳಿಯನ್ನು ಬರ್ಗೆನ್ನಿನ ಬೆನ್ನಿಗಿರುವ ಪರ್ವತಗಳು ತಡೆಯುತ್ತವೆ. ಈ ಊರು ಸುಮಾರು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಿಮದಿಂದ ಮುಚ್ಚಿದ ಗ್ರೀನ್‌ಲ್ಯಾಂಡಿನ ದಕ್ಷಿಣದ ತುದಿಯೂ ಸರಿಸುಮಾರು ಇದೇ ಅಕ್ಷಾಂಶದಲ್ಲಿದೆ. ಹಾಗಿದ್ದರೂ ಬರ್ಗೆನ್ನಿನ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ದಕ್ಷಿಣದ ಬಿಸಿಲುನಾಡುಗಳ ಕಡೆಯಿಂದ ಅಟ್ಲಾಂಟಿಕ್ ಸಾಗರವನ್ನು ಹಾದುಬರುವ ಬೆಚ್ಚನೆಯ ಜಲಪ್ರವಾಹ ನಾರ್ವೆಯ ತೀರವನ್ನು ತಡವಿಕೊಂಡು ಹೋಗುವುದೇ ಇದಕ್ಕೆ ಕಾರಣ. ವರ್ಷವಿಡೀ ತೆರೆದಿರುವ ಬಂದರು, ಅದರ ಸುತ್ತ ಗಾಳಿಗೆ ಮರೆಯಾಗಿ ನಿಂತ ಬೆಟ್ಟಗಳು: ಇಂತಹ ಜಾಗದಲ್ಲಿ ಊರು ಹುಟ್ಟದಿದ್ದರೆ ಅದೇ ಆಶ್ಚರ್ಯ. ಸುಮಾರು 1070ರಲ್ಲಿ ಓಲಾವ್ ಕಿರ್ರೆ ಎಂಬ ದೊರೆ ಈ ನಗರವನ್ನು ಸ್ಥಾಪಿಸಿದನೆಂದು ಪರಂಪರೆ ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ ಇದು ರಾಜರ ನೆಲೆಯಾಗಿತ್ತು. ಇಂದು ಸುಮಾರು 2 ಲಕ್ಷ 90 ಸಾವಿರ ಜನ ಇಲ್ಲಿ ವಾಸಿಸುತ್ತಾರೆ. ನಾರ್ವೆಯಲ್ಲಿ ಓಸ್ಲೋ ಬಿಟ್ಟರೆ ಇದೇ ದೊಡ್ಡ ನಗರ.

ಬರ್ಗೆನ್ ಏಳು ಬೆಟ್ಟಗಳ ಊರೆಂದು ಪ್ರಸಿದ್ಧ. ಅವುಗಳಲ್ಲಿ ಎತ್ತರವಾದದ್ದು 643 ಮೀಟರಿನ ಉಲ್ರಿಕೆನ್. ಆದರೆ ಮೊದಲ ಸಲ ಬಂದವರು ಏರುವುದು ಸಾಮಾನ್ಯವಾಗಿ ಫ್ಲೋಯನ್ ಬೆಟ್ಟವನ್ನು. ಪೇಟೆಯ ನಡುವಿನಿಂದಲೇ ಹೊರಡುವ ಪುಟ್ಟ ರೈಲೊಂದು 1918ರಿಂದ ಜನರನ್ನು ಅಲ್ಲಿಗೆ ಕರೆದೊಯ್ಯುತ್ತಿದೆ. ಈ ರೈಲಿಗೆ ಎಂಜಿನ್ ಇಲ್ಲ. ಬಲವಾದ ಉಕ್ಕಿನ ಹಗ್ಗದ ಎರಡು ತುದಿಗಳಿಗೆ ಎರಡು ಬಂಡಿಗಳನ್ನು ಕಟ್ಟಿ, ಹಗ್ಗವನ್ನು ಬೆಟ್ಟದ ಮೇಲಿನ ದೊಡ್ಡ ಗಾಲಿಯ ಮೇಲೆ ಹಾಯಿಸಿದ್ದಾರೆ. ಒಂದು ಬಂಡಿ ಇಳಿಯುವಾಗ ಅದರ ಭಾರವೇ ಇನ್ನೊಂದನ್ನು ಮೇಲಕ್ಕೆಳೆಯಲು ನೆರವಾಗುತ್ತದೆ. ಉಳಿದ ಅಲ್ಪ ಶ್ರಮವನ್ನು ವಿದ್ಯುತ್ ಯಂತ್ರ ವಹಿಸಿಕೊಳ್ಳುತ್ತದೆ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿ ನೀರು ಸೇದಿದವರಿಗೆ ಇದರ ಮರ್ಮ ತಾನಾಗಿ ತಿಳಿಯುತ್ತದೆ. ಸುಮಾರು 320 ಮೀಟರ್ ಎತ್ತರದ ಮೇಲಿನ ನಿಲ್ದಾಣದಲ್ಲಿ ಇಳಿದು ಕೆಳಗೆ ನೋಡಿದರೆ ನಗರವೆಲ್ಲ ಅಂಗೈಯಲ್ಲಿಟ್ಟಂತೆ ಕಾಣುತ್ತದೆ: ನಾಲಗೆಯಂತೆ ಊರೊಳಕ್ಕೆ ಚಾಚಿದ ಬಂದರು, ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಬಿಳಿಯ ಮರದ ಮನೆಗಳು, ಅವುಗಳಾಚೆ ದ್ವೀಪಗಳ ಸಾಲು, ಅದರಾಚೆ ಸಾಗರ. ಮೋಡ ಕವಿಯದಿದ್ದರೆ, ಎಂಬ ಮಾತನ್ನು ಮಾತ್ರ ಸೇರಿಸಿಕೊಳ್ಳಬೇಕು. ಜೂನ್ ತಿಂಗಳಲ್ಲಿ ಇಲ್ಲಿ ಸುಮಾರು ಹತ್ತೊಂಬತ್ತು ಗಂಟೆಗಳ ಹಗಲು. ರಾತ್ರಿ ಹನ್ನೊಂದಕ್ಕೆ ಸೂರ್ಯಾಸ್ತ. ಡಿಸೆಂಬರಿನಲ್ಲಿ ಹಗಲೆಂಬುದು ಆರು ಗಂಟೆಗೂ ಕಡಿಮೆ.

ಬೆಟ್ಟದಿಂದ ಇಳಿದು ಬಂದರಿನ ದಂಡೆಗೆ ಬಂದರೆ ಬಿಳಿ, ಕೆಂಪು, ಕಾವಿ ಬಣ್ಣಗಳ, ಚೂಪು ಮಾಡಿನ ಮರದ ಕಟ್ಟಡಗಳ ಸಾಲೊಂದು ಎದುರಾಗುತ್ತದೆ. ಇದೇ ಬ್ರಿಗ್ಗೆನ್. ಆ ಹೆಸರಿಗೆ ಹಡಗುಕಟ್ಟೆ ಎಂದಷ್ಟೇ ಅರ್ಥ. ಕಟ್ಟಡಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಕೆಲವು ಪಕ್ಕಕ್ಕೆ ವಾಲಿವೆ, ಕೆಲವು ಮುಂದಕ್ಕೆ ಬಾಗಿವೆ. ಮುಂಭಾಗ ಕಿರಿದು, ಆದರೆ ಒಳಗೆ ಅವು ಬಹು ಉದ್ದವಾಗಿ ಹಿಂದಕ್ಕೆ ಹಬ್ಬಿವೆ. ಎರಡು ಸಾಲುಗಳ ನಡುವೆ ಹಲಗೆ ಹಾಸಿದ ಓಣಿ, ಮೇಲೆ ಮರದ ಮೊಗಸಾಲೆ, ಸರಕನ್ನು ಎತ್ತುವ ರಾಟೆ. ಆ ಓಣಿಯೊಳಗೆ ಕಾಲಿಟ್ಟರೆ ಹಳೆಯ ಮರದ, ಡಾಂಬರಿನ ವಾಸನೆ ಮೂಗಿಗೆ ಬಡಿಯುತ್ತದೆ.

ಇಲ್ಲಿ ಬದುಕಿದ್ದವರು ನಾರ್ವೆಯವರಲ್ಲ, ಜರ್ಮನರು. ಉತ್ತರ ಜರ್ಮನಿಯ ಲ್ಯೂಬೆಕ್ ಮೊದಲಾದ ನಗರಗಳ ವರ್ತಕರು ಸೇರಿ ಹಾನ್ಸಾ ಎಂಬ ಪ್ರಬಲ ಸಂಘವನ್ನು ಕಟ್ಟಿಕೊಂಡಿದ್ದರು. ಸುಮಾರು 1360ರಲ್ಲಿ ಆ ಸಂಘ ಬರ್ಗೆನ್ನಿನಲ್ಲಿ ತನ್ನ ಕೋಠಿಯನ್ನು ಸ್ಥಾಪಿಸಿತು. ಅವರನ್ನು ಇಲ್ಲಿಗೆ ಎಳೆದು ತಂದದ್ದು ಚಿನ್ನವೂ ಅಲ್ಲ, ರೇಷ್ಮೆಯೂ ಅಲ್ಲ, ಒಣಮೀನು. ದೂರದ ಉತ್ತರದ ಲೊಫೊಟೆನ್ ದ್ವೀಪಗಳ ಬಳಿ ಚಳಿಗಾಲದಲ್ಲಿ ಕಾಡ್ ಎಂಬ ಮೀನು ಅಪಾರವಾಗಿ ಸಿಗುತ್ತದೆ. ನಮ್ಮ ಕಡಲತೀರದಲ್ಲಿ ಮೀನಿಗೆ ಉಪ್ಪು ಸವರಿ ಬಿಸಿಲಿಗೆ ಹರಡುತ್ತಾರೆ. ಅಲ್ಲಿ ಉಪ್ಪೂ ಬೇಡ, ಬಿಸಿಲೂ ಬೇಡ. ಮರದ ಗಳುಗಳಿಗೆ ಜೋಡಿಜೋಡಿಯಾಗಿ ತೂಗುಹಾಕಿದರೆ ತಣ್ಣನೆಯ ಗಾಳಿಯೇ ತಿಂಗಳುಗಟ್ಟಲೆ ಬೀಸಿ ಮೀನನ್ನು ಕಟ್ಟಿಗೆಯಂತೆ ಒಣಗಿಸುತ್ತದೆ. ಆ ಚಳಿಯಲ್ಲಿ ಅದು ಕೊಳೆಯುವುದಿಲ್ಲ, ನೊಣ ಮುತ್ತುವುದೂ ಇಲ್ಲ. ಹಾಗೆ ಒಣಗಿದ ಮೀನು ವರ್ಷಗಟ್ಟಲೆ ಕೆಡದು. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧ, ಮೀನು ನಿಷಿದ್ಧವಲ್ಲ. ಆದ್ದರಿಂದ ಯೂರೋಪಿನಾದ್ಯಂತ ಅದಕ್ಕೆ ಬೇಡಿಕೆಯಿತ್ತು. ಉತ್ತರದ ಬೆಸ್ತರಿಗೋ ಧಾನ್ಯ ಬೇಕಾಗಿತ್ತು, ಏಕೆಂದರೆ ಆ ನೆಲದಲ್ಲಿ ಬೆಳೆ ಏಳುವುದು ಕಷ್ಟ. ಹೀಗೆ ಮೀನಿಗೆ ಪ್ರತಿಯಾಗಿ ಧಾನ್ಯ ಕೊಡುವ ವ್ಯಾಪಾರ ಬೆಳೆಯಿತು. ವರ್ತಕನು ಧಾನ್ಯವನ್ನು ಮುಂಗಡವಾಗಿ ಸಾಲ ಕೊಡುವನು. ಸಾಲ ತೀರುವ ತನಕ ಬೆಸ್ತನು ತನ್ನ ಮೀನನ್ನು ಅವನಿಗೇ ತಂದೊಪ್ಪಿಸಬೇಕು. ಸಾಲ ತೀರುವುದು ಮಾತ್ರ ಅಪರೂಪ. ಸಾಹುಕಾರನ ಲೆಕ್ಕದ ಪುಸ್ತಕ ಯಾವ ದೇಶದಲ್ಲಾದರೂ ಒಂದೇ ಬಗೆಯದೆಂದು ತೋರುತ್ತದೆ.

ಬ್ರಿಗ್ಗೆನ್ನಿನ ಕೆಲಸಗಾರರ ಬಾಳೂ ಸುಖದ್ದಾಗಿರಲಿಲ್ಲ. ವರ್ತಕರು, ಗುಮಾಸ್ತರು, ಕೆಲಸ ಕಲಿಯಲು ಬಂದ ಹುಡುಗರು, ಎಲ್ಲರೂ ಅವಿವಾಹಿತರಾಗಿಯೇ ಇರಬೇಕೆಂಬುದು ನಿಯಮ. ಹೊಸದಾಗಿ ಬಂದ ಹುಡುಗರನ್ನು ಪರೀಕ್ಷಿಸುವ ನೆಪದಲ್ಲಿ ಹೊಗೆಯಲ್ಲಿ ತೂಗುಹಾಕುವುದು, ತಣ್ಣೀರಿನಲ್ಲಿ ಮುಳುಗಿಸುವುದು ಮುಂತಾದ ಕ್ರೂರ ಆಟಗಳು ನಡೆಯುತ್ತಿದ್ದವು. ನಿಮ್ಮದೇ ವಯಸ್ಸಿನ ಆ ಹುಡುಗರು ಮಲಗುತ್ತಿದ್ದುದು ಗೋಡೆಗೆ ಸೇರಿಸಿದ ಪೆಟ್ಟಿಗೆಯಂತಹ ಹಾಸಿಗೆಗಳಲ್ಲಿ. ಇನ್ನೂ ಕಠಿಣವಾದ ನಿಯಮವೊಂದಿತ್ತು: ಈ ಮರದ ಮನೆಗಳಲ್ಲಿ ಬೆಂಕಿ ಹೊತ್ತಿಸುವಂತಿಲ್ಲ. ನಾರ್ವೆಯ ಚಳಿಗಾಲದ ಹದಿನೆಂಟು ಗಂಟೆಗಳ ಇರುಳನ್ನು ಬೆಂಕಿಯಿಲ್ಲದ ಕೋಣೆಯಲ್ಲಿ ಕಳೆಯುವುದನ್ನು ಊಹಿಸಿಕೊಳ್ಳಿರಿ. ಅಡುಗೆಗೆ, ಚಳಿ ಕಾಯಿಸಿಕೊಳ್ಳುವುದಕ್ಕೆ, ಸಭೆ ಸೇರುವುದಕ್ಕೆ ಹಿತ್ತಿಲಿನಲ್ಲಿ ಬೇರೆಯೇ ಮನೆಗಳಿದ್ದವು. ಬೆಲೆಬಾಳುವ ಸರಕುಗಳನ್ನು ಇಡಲು ಕಲ್ಲಿನ ಉಗ್ರಾಣಗಳಿದ್ದವು.

ಇಷ್ಟು ಎಚ್ಚರ ವಹಿಸಿದರೂ ಬೆಂಕಿ ಬಿಡಲಿಲ್ಲ. 1198, 1248, 1476, ಹೀಗೆ ಮತ್ತೆ ಮತ್ತೆ ಬ್ರಿಗ್ಗೆನ್ ಉರಿದು ಬೂದಿಯಾಯಿತು. 1702ರ ಬೆಂಕಿಯಲ್ಲಂತೂ ನಗರದ ಬಹುಭಾಗ ಸುಟ್ಟುಹೋಯಿತು. ಆದರೆ ಪ್ರತಿ ಸಲವೂ ಜನರು ಹಳೆಯ ಅಡಿಪಾಯದ ಗೆರೆಯ ಮೇಲೆಯೇ, ಹಳೆಯ ರೀತಿಯಲ್ಲಿಯೇ ಮರಳಿ ಕಟ್ಟಿದರು. ಈಗ ನಾವು ಕಾಣುವ ಮನೆಗಳು 1702ರ ಅನಂತರದವು. ಅವುಗಳ ವಿನ್ಯಾಸ ಮಾತ್ರ ಮಧ್ಯಯುಗದ್ದು. ಹಾನ್ಸಾದ ಕೋಠಿ 1754ರಲ್ಲಿ ಮುಚ್ಚಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾಲಿನ ಒಂದು ದೊಡ್ಡ ಭಾಗವನ್ನು ಕೆಡವಿ ಇಟ್ಟಿಗೆಯ ಕಟ್ಟಡಗಳನ್ನು ಎಬ್ಬಿಸಿದರು. 1944ರ ಏಪ್ರಿಲ್ 20ರಂದು, ನಾರ್ವೆ ಜರ್ಮನ್ ಸೇನೆಯ ವಶದಲ್ಲಿದ್ದಾಗ, ಸ್ಫೋಟಕಗಳನ್ನು ಹೊತ್ತ ಹಡಗೊಂದು ಬಂದರಿನಲ್ಲಿ ಸಿಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಬ್ರಿಗ್ಗೆನ್ನಿನ ಮಾಡುಗಳು ಹಾರಿಹೋದವು. 1955ರ ಜುಲೈ ತಿಂಗಳಲ್ಲಿ ಮತ್ತೊಮ್ಮೆ ಬೆಂಕಿ ಬಿದ್ದು ಉಳಿದಿದ್ದುದರಲ್ಲಿಯೂ ಒಂದು ಪಾಲು ನಾಶವಾಯಿತು. ಈ ಕೊಳಕು ಮರದ ಗುಡಾರಗಳನ್ನು ತೆಗೆದುಹಾಕಿ ಆಧುನಿಕ ಕಟ್ಟಡಗಳನ್ನು ಕಟ್ಟುವುದೇ ಲೇಸೆಂದು ವಾದಿಸಿದವರು ಆಗ ಊರಿನಲ್ಲಿಯೇ ಇದ್ದರು.

ಆದರೆ ಸುಟ್ಟ ಜಾಗವನ್ನು ಅಗೆಯತೊಡಗಿದಾಗ ಊರಿನ ಅದೃಷ್ಟ ತೆರೆಯಿತು. ಆಸ್ಬ್ಯೋರ್ನ್ ಹೆರ್ಟೈಗ್ ಎಂಬ ಪುರಾತತ್ತ್ವಜ್ಞರ ನೇತೃತ್ವದಲ್ಲಿ 1955ರಿಂದ 1968ರವರೆಗೆ ಉತ್ಖನನ ನಡೆಯಿತು. ಪ್ರತಿ ಬೆಂಕಿಯ ಅನಂತರವೂ ಜನರು ಬೂದಿ, ಕೊರಡುಗಳನ್ನು ನೀರಿಗೆ ತಳ್ಳಿ, ಅದರ ಮೇಲೆಯೇ ಹೊಸ ಕಟ್ಟೆಯನ್ನು ಕಟ್ಟುತ್ತ ಸಮುದ್ರದೊಳಕ್ಕೆ ಮುಂದುವರಿದಿದ್ದರು. ಆದ್ದರಿಂದ ನೆಲದೊಳಗೆ ಬೂದಿಯ ಪದರಗಳು ಒಂದರ ಮೇಲೊಂದು ಪುಸ್ತಕದ ಹಾಳೆಗಳಂತೆ ಕುಳಿತಿದ್ದವು. ಬೆಂಕಿ ಬಿದ್ದ ವರ್ಷ ಲಿಖಿತ ದಾಖಲೆಗಳಿಂದ ತಿಳಿದಿರುವುದರಿಂದ, ಎರಡು ಪದರಗಳ ನಡುವೆ ಸಿಕ್ಕ ವಸ್ತುವಿನ ಕಾಲವನ್ನು ನಿಶ್ಚಯಿಸುವುದು ಸುಲಭವಾಯಿತು. ಊರನ್ನು ಸುಟ್ಟ ಬೆಂಕಿಯೇ ಊರಿನ ಪಂಚಾಂಗವಾಯಿತು! ನೀರಿನಿಂದ ಸದಾ ನೆನೆದ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಕೊಳೆಸುವ ಜೀವಾಣುಗಳು ಬೆಳೆಯಲಾರವು. ಹೀಗಾಗಿ ಮರ, ತೊಗಲು, ಬಟ್ಟೆ ಮುಂತಾದ, ಬೇರೆಡೆಯಾಗಿದ್ದರೆ ಎಂದೋ ಮಣ್ಣಾಗುತ್ತಿದ್ದ ವಸ್ತುಗಳು ಉಳಿದು ಬಂದಿದ್ದವು.

ಅವುಗಳಲ್ಲಿ ಅತ್ಯಂತ ಬೆರಗು ಹುಟ್ಟಿಸಿದವು ಮರದ ಕಡ್ಡಿಗಳು. ಅಂತಹ 600ಕ್ಕೂ ಹೆಚ್ಚು ಕಡ್ಡಿ ಮತ್ತಿತರ ವಸ್ತುಗಳ ಮೇಲೆ ರೂನ್ ಎಂಬ ಪ್ರಾಚೀನ ಲಿಪಿಯಲ್ಲಿ ಬರಹಗಳಿದ್ದವು. ಕಲ್ಲಿನ ಸ್ಮಾರಕಗಳ ಮೇಲೆ ಕೊರೆಯುವ ಗಂಭೀರ ಲಿಪಿಯೆಂದೇ ರೂನನ್ನು ವಿದ್ವಾಂಸರು ಹೆಚ್ಚಾಗಿ ಕಂಡಿದ್ದರು. ಕ್ರೈಸ್ತ ಧರ್ಮದೊಂದಿಗೆ ರೋಮನ್ ಲಿಪಿ ಬಂದ ಮೇಲೆ ಅದು ಮರೆಯಾಯಿತೆಂದು ಭಾವಿಸಿದ್ದರು. ಈ ಕಡ್ಡಿಗಳೋ ಪೇಟೆಯ ಜನ ಚಾಕುವಿನಿಂದ ಗೀಚಿ ಕಳಿಸಿದ ಚೀಟಿಗಳು. ಸರಕಿನ ಮೂಟೆಗೆ ಕಟ್ಟಿದ ಒಡೆಯನ ಹೆಸರು, ವ್ಯಾಪಾರದ ಪತ್ರ, ಪ್ರಾರ್ಥನೆ, ಪ್ರೇಮದ ಮಾತು, ಎಲ್ಲವೂ ಅಲ್ಲಿವೆ. ಒಂದು ಕಡ್ಡಿಯಲ್ಲಿ ಗ್ಯೂದಾ ಎಂಬ ಹೆಂಗಸು ಯಾರಿಗೋ ಮನೆಗೆ ಬಾ ಎಂದು ಹೇಳಿಕಳಿಸಿದ್ದಾಳೆ. ಅದನ್ನು ಓದಿದವನು ಎಲ್ಲಿ ಕುಳಿತಿದ್ದನೋ, ಎದ್ದು ಹೋದನೋ ಇಲ್ಲವೋ. ಅರಸರ ಶಾಸನಗಳಲ್ಲಿ ಇಂತಹ ದನಿ ಕೇಳಿಸುವುದಿಲ್ಲ.

ಈ ಶೋಧಗಳ ಅನಂತರ ಬ್ರಿಗ್ಗೆನ್ನನ್ನು ಕೆಡವುವ ಮಾತು ಅಡಗಿತು. ಉತ್ಖನನದ ಜಾಗದಲ್ಲಿಯೇ 1976ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. 1979ರಲ್ಲಿ ಬ್ರಿಗ್ಗೆನ್ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳೆಯ ಕಟ್ಟಡಗಳಲ್ಲಿ ಈಗ ಉಳಿದಿರುವವು ಸುಮಾರು 62. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಷ್ಟ ಮುಗಿಯಲಿಲ್ಲ. ನೆರೆಯ ಜಾಗದಲ್ಲಿ ಹೊಸ ಕಟ್ಟಡಕ್ಕಾಗಿ ನೆಲವನ್ನು ಆಳಕ್ಕೆ ಅಗೆದಾಗ ಅಂತರ್ಜಲ ಇಳಿಯಿತು. ನೀರು ಇಳಿದಲ್ಲಿ ಗಾಳಿ ಹೊಕ್ಕಿತು. ಶತಮಾನಗಳಿಂದ ಕೊಳೆಯದ ಮಣ್ಣು ಕೊಳೆಯತೊಡಗಿ ಕುಸಿಯಿತು, ಮನೆಗಳು ವಾಲಿದವು. ಇತ್ತೀಚಿನ ವರ್ಷಗಳಲ್ಲಿ ಮಳೆನೀರನ್ನು ಚರಂಡಿಗೆ ಬಿಡದೆ ನೆಲಕ್ಕೆ ಇಂಗಿಸಿ ಅಂತರ್ಜಲವನ್ನು ಮೇಲೆತ್ತಿದ್ದಾರೆ. ಊರವರು ದಿನವೂ ಬೈಯುವ ಮಳೆ ಕಡೆಗೆ ಊರಿನ ಅಡಿಪಾಯವನ್ನು ಕಾಪಾಡಬೇಕಾಯಿತು.

ಬಂದರಿನ ಬಾಯಲ್ಲಿ ಹೋಕನ್ ಹೋಕನ್‌ಸನ್ ದೊರೆ ಕಟ್ಟಿಸಿದ ಕಲ್ಲಿನ ಸಭಾಮಂದಿರವಿದೆ. 1261ರಲ್ಲಿ ಅವನ ಮಗನ ಮದುವೆ ಅಲ್ಲಿ ನಡೆಯಿತು. ಬ್ರಿಗ್ಗೆನ್ನಿನ ಹಿಂದೆ ಹನ್ನೆರಡನೆಯ ಶತಮಾನದ ಮೇರಿಯ ಚರ್ಚು ನಿಂತಿದೆ. ನಗರದ ಹೊರವಲಯದ ಟ್ರೊಲ್ಡ್‌ಹೌಗನ್ ಎಂಬಲ್ಲಿ ಸಂಗೀತಕಾರ ಎಡ್ವರ್ಡ್ ಗ್ರೀಗ್ (1843–1907) ಬಾಳಿದ ಮನೆಯುಂಟು. ಕೆರೆಯ ಅಂಚಿನ ಪುಟ್ಟ ಗುಡಿಸಿಲಿನಲ್ಲಿ ಒಬ್ಬನೇ ಕುಳಿತು ಆತ ಸ್ವರ ಸಂಯೋಜಿಸುತ್ತಿದ್ದ. ಇವೆಲ್ಲ ನೋಡತಕ್ಕವೇ. ಬೇಸಗೆಯಲ್ಲಿ ಬರುವ ಪ್ರವಾಸಿಗರಲ್ಲಿ ಹಲವರು ಇವನ್ನು ಅವಸರದಲ್ಲಿ ಮುಗಿಸಿ ಫಿಯೋರ್ಡುಗಳ ಕಡೆಗೆ ಹೊರಡುತ್ತಾರೆ. ಹಿಮಯುಗದಲ್ಲಿ ಬೃಹತ್ ಹಿಮನದಿಗಳು ಪರ್ವತಗಳನ್ನು ಕೊರೆಯುತ್ತ ಸಮುದ್ರಕ್ಕೆ ಜಾರಿದವು. ಹಿಮ ಕರಗಿದ ಮೇಲೆ ಆ ಆಳವಾದ ಕಣಿವೆಗಳಿಗೆ ಕಡಲು ನುಗ್ಗಿತು. ಹಾಗಾದ ಕೊಲ್ಲಿಗಳೇ ಫಿಯೋರ್ಡುಗಳು. ಬರ್ಗೆನ್ನಿನ ಉತ್ತರಕ್ಕಿರುವ ಸೋಗ್ನೆ ಫಿಯೋರ್ಡು ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದ, ಸುಮಾರು 1,300 ಮೀಟರ್ ಆಳ. ಆದರೆ ಅದರ ಬಾಯಿ ಅಷ್ಟು ಆಳವಲ್ಲ. ಕಡಲನ್ನು ಸಮೀಪಿಸಿದ ಹಿಮನದಿ ತನ್ನ ಕೊರೆಯುವ ಬಲವನ್ನು ಕಳೆದುಕೊಂಡಿತ್ತೆಂಬುದಕ್ಕೆ ಅದೇ ಸಾಕ್ಷಿ. ದಕ್ಷಿಣದ ಹಾರ್ಡಂಗರ್ ಫಿಯೋರ್ಡಿನ ದಂಡೆಗಳಲ್ಲಿ ಮೇ ತಿಂಗಳಲ್ಲಿ ಸೇಬಿನ ತೋಟಗಳು ಹೂಬಿಟ್ಟಾಗ ಮೇಲೆ ಹಿಮ, ಕೆಳಗೆ ಹೂ, ನಡುವೆ ಜಲಪಾತ. ಆ ನೋಟವನ್ನು ಬಣ್ಣಿಸುವುದಕ್ಕಿಂತ ನೋಡುವುದು ಮೇಲು.

ರೈಲು ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಸಿಗುವ ಸೇಂಟ್ ಯೋರ್ಗನ್ ಆಸ್ಪತ್ರೆ ಮಾತ್ರ ಹಲವರ ಕಣ್ಣಿಗೆ ಬೀಳುವುದಿಲ್ಲ. ನನ್ನ ಮಟ್ಟಿಗೆ ಬರ್ಗೆನ್ನಿನಲ್ಲಿ ತಪ್ಪದೆ ನೋಡಬೇಕಾದ ಜಾಗ ಅದೇ. ಹದಿನೈದನೆಯ ಶತಮಾನದ ಆರಂಭದಲ್ಲಿಯೇ ಉಲ್ಲೇಖವಿರುವ ಈ ಆಸ್ಪತ್ರೆ ಕುಷ್ಠರೋಗಿಗಳದು. ಈಗಿರುವ ಮರದ ಕಟ್ಟಡಗಳು 1702ರ ಬೆಂಕಿಯ ಅನಂತರ ಎದ್ದವು. ನಡುವೆ ಒಂದು ಹಜಾರ, ಅದರ ಸುತ್ತ ಕೆಳಗೂ ಮೇಲೂ ಕಿರಿದಾದ ಕೋಣೆಗಳು. ಒಂದೊಂದರಲ್ಲಿ ಇಬ್ಬಿಬ್ಬರು ರೋಗಿಗಳು. ಅಡುಗೆಮನೆ ಎಲ್ಲರಿಗೂ ಸಾಮಾನ್ಯ. ಕೈಬೆರಳು ಸವೆದವರೂ ತಮ್ಮ ಅನ್ನವನ್ನು ತಾವೇ ಬೇಯಿಸಿಕೊಳ್ಳಬೇಕಾಗಿತ್ತು. ಪಕ್ಕದಲ್ಲಿ ಅವರದೇ ಚರ್ಚು. ಇಲ್ಲಿ ಸೇರಿದವರು ಸಾಮಾನ್ಯವಾಗಿ ಮರಳಿ ಮನೆಗೆ ಹೋಗುತ್ತಿರಲಿಲ್ಲ. ಯೋಹಾನ್ ಎರ್ನ್‌ಸ್ಟ್ ವೆಲ್ಹಾವನ್ ಎಂಬ ಪಾದ್ರಿ 1816ರಲ್ಲಿ ರೋಗಿಗಳ ದುಃಸ್ಥಿತಿಯನ್ನು ಕುರಿತು ಬರೆದ ಮೇಲೆ ಹೊರಗಿನವರ ಗಮನ ಇತ್ತ ಹರಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮ ನಾರ್ವೆಯ ಬಡ ರೈತರಲ್ಲಿ, ಬೆಸ್ತರಲ್ಲಿ ಈ ರೋಗ ವ್ಯಾಪಕವಾಗಿತ್ತು. 1856ರಲ್ಲಿ ಸರ್ಕಾರ ರೋಗಿಗಳ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು. ಒಂದು ರೋಗವುಳ್ಳವರೆಲ್ಲರ ಹೆಸರು, ಊರು, ಮನೆತನಗಳನ್ನು ಇಡೀ ದೇಶಕ್ಕೆ ಒಂದೇ ಕಡೆ ಬರೆದಿಡುವ ಇಂತಹ ಏರ್ಪಾಡು ಲೋಕದಲ್ಲಿಯೇ ಮೊದಲನೆಯವುಗಳಲ್ಲಿ ಒಂದು. ಬರ್ಗೆನ್ನಿನ ಹಿರಿಯ ವೈದ್ಯ ಡೇನಿಯಲ್ ಕಾರ್ನೆಲಿಯಸ್ ಡೇನಿಯಲ್‌ಸನ್ ಈ ರೋಗದ ಶ್ರೇಷ್ಠ ತಜ್ಞ. ರೋಗ ಅಂಟುವಂಥದಲ್ಲ, ರಕ್ತದಲ್ಲಿಯೇ ವಂಶಪಾರಂಪರ್ಯವಾಗಿ ಬರುವುದು ಎಂಬುದು ಆತನ ಖಚಿತ ನಂಬಿಕೆ. ಅದನ್ನು ತೋರಿಸಲು ರೋಗಿಗಳ ದೇಹದ ದ್ರವ್ಯವನ್ನು ತನ್ನ ಮೈಗೇ ಚುಚ್ಚಿಕೊಂಡಿದ್ದ. ಆತನ ಕೈಕೆಳಗೆ 1868ರಲ್ಲಿ ಕೆಲಸಕ್ಕೆ ಸೇರಿದ ತರುಣ ವೈದ್ಯ ಗೆರ್ಹಾರ್ಡ್ ಆರ್ಮೌವರ್ ಹ್ಯಾನ್ಸನ್. ಬರ್ಗೆನ್ನಿನಲ್ಲಿಯೇ ಹುಟ್ಟಿದವನು, ಮುಂದೆ ಡೇನಿಯಲ್‌ಸನ್ನರ ಅಳಿಯನೂ ಆದವನು. ನೋಂದಣಿಯ ಪುಸ್ತಕಗಳನ್ನು ಪರಿಶೀಲಿಸಿ, ಹಳ್ಳಿಗಳನ್ನು ಸುತ್ತಿ, ರೋಗ ಅಂಟುವಂಥದೇ ಎಂಬ ನಿಲುವಿಗೆ ಹ್ಯಾನ್ಸನ್ ಬಂದ. 1873ರಲ್ಲಿ ರೋಗಿಗಳ ಗಂಟುಗಳಿಂದ ತೆಗೆದ ದ್ರವ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಡ್ಡಿಯಾಕಾರದ ಸೂಕ್ಷ್ಮಜೀವಿಗಳು ಕಂಡವು. ಕ್ಷಯದ ಸೂಕ್ಷ್ಮಜೀವಿಯನ್ನು ರಾಬರ್ಟ್ ಕಾಕ್ ಪ್ರಕಟಿಸಿದ್ದು 1882ರಲ್ಲಿ. ಅದಕ್ಕಿಂತ ಒಂಬತ್ತು ವರ್ಷ ಮೊದಲೇ ಇದು ನಡೆಯಿತು. ಮಾವನ ಮತವನ್ನು ಅಳಿಯನ ಕಣ್ಣು ಅಲ್ಲಗಳೆಯಿತು. ಹಾಗಿದ್ದರೂ ಅಳಿಯನ ಸಂಶೋಧನೆಗೆ ಅಡ್ಡಿಮಾಡದೆ ಇದ್ದುದು ಡೇನಿಯಲ್‌ಸನ್ನರ ದೊಡ್ಡತನ.

ಕಂಡದ್ದೇನೋ ಆಯಿತು, ರುಜುವಾತು ಬೇಕಲ್ಲ? ಈ ಸೂಕ್ಷ್ಮಜೀವಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಸಾಧ್ಯವಾಗಲಿಲ್ಲ. ಕೃತಕ ಮಾಧ್ಯಮದಲ್ಲಿ ಇಂದಿಗೂ ಅದು ಬೆಳೆಯುವುದಿಲ್ಲ. ಸಹನೆಗೆಟ್ಟ ಹ್ಯಾನ್ಸನ್ 1879ರಲ್ಲಿ ಒಂದು ಅಕೃತ್ಯಕ್ಕೆ ಕೈಹಾಕಿದ. ಕಾರಿ ನೀಲ್ಸ್‌ದತ್ತರ್ ಎಂಬ ರೋಗಿಯ ಕಣ್ಣಿಗೆ, ಆಕೆಯ ಒಪ್ಪಿಗೆ ಕೇಳದೆ, ಬೇರೊಬ್ಬ ರೋಗಿಯಿಂದ ತೆಗೆದ ದ್ರವ್ಯವನ್ನು ಸೂಜಿಯಿಂದ ಚುಚ್ಚಿದ. ಪ್ರಯೋಗ ಫಲಿಸಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಯಿತು. ಆಸ್ಪತ್ರೆಯ ಆ ಬಡ ಹೆಂಗಸು ಬಂದು ತನ್ನ ನೋವನ್ನು ಹೇಳಿದಳು. ಹ್ಯಾನ್ಸನ್ ಆಗಲೇ ಹೆಸರಾಂತ ವೈದ್ಯ. ಆದರೂ 1880ರಲ್ಲಿ ನ್ಯಾಯಾಲಯ ಆತನನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆದುಹಾಕಿತು. ಒಪ್ಪಿಗೆಯಿಲ್ಲದೆ ರೋಗಿಯ ಮೇಲೆ ಪ್ರಯೋಗ ನಡೆಸಬಾರದೆಂಬ ಕಟ್ಟಳೆ ಜಗತ್ತಿನಲ್ಲಿ ಎಲ್ಲಿಯೂ ಸರಿಯಾಗಿ ನೆಲೆಗೊಳ್ಳದಿದ್ದ ಕಾಲದಲ್ಲಿ ಹೊರಬಿದ್ದ ತೀರ್ಪು ಅದು. ದೇಶದ ಕುಷ್ಠರೋಗ ವಿಭಾಗದ ಮುಖ್ಯ ವೈದ್ಯಾಧಿಕಾರಿಯಾಗಿ ಆತ ಮುಂದುವರಿದು, 1912ರಲ್ಲಿ ತೀರಿಕೊಂಡ. ಆತನ ಸಲಹೆಯಂತೆ ರೋಗಿಗಳನ್ನು ಪ್ರತ್ಯೇಕಿಸುವ ಕಾನೂನುಗಳು ಬಂದವು, ರೋಗ ಇಳಿಯಿತು. ಮನೆಯವರಿಂದ ಬೇರ್ಪಟ್ಟವರ ಸಂಕಟವನ್ನೂ ಅದೇ ಲೆಕ್ಕದಲ್ಲಿ ಸೇರಿಸಬೇಕು.

ಈ ರೋಗ ನಮಗೆ ದೂರದ್ದಲ್ಲ. ಇಂದಿಗೂ ಪ್ರಪಂಚದಲ್ಲಿ ಪ್ರತಿವರ್ಷ ಹೊಸದಾಗಿ ಪತ್ತೆಯಾಗುವ ಕುಷ್ಠರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಭಾರತದವರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಿಂದ ರೋಗ ಪೂರ್ಣವಾಗಿ ಗುಣವಾಗುತ್ತದೆ. ಔಷಧ ಆರಂಭಿಸಿದ ಕೆಲವೇ ದಿನಗಳಲ್ಲಿ ಅದು ಬೇರೆಯವರಿಗೆ ಹರಡುವುದೂ ನಿಲ್ಲುತ್ತದೆ. ಪೂರ್ವಜನ್ಮದ ಪಾಪವೆಂಬ, ವಂಶದ ಕಳಂಕವೆಂಬ ಮಾತುಗಳಿಗೆ ಬರ್ಗೆನ್ನಿನ ಆ ಸೂಕ್ಷ್ಮದರ್ಶಕ 1873ರಲ್ಲಿಯೇ ಉತ್ತರ ಹೇಳಿತ್ತು.

ಸೇಂಟ್ ಯೋರ್ಗನ್ ಆಸ್ಪತ್ರೆಯ ಕೊನೆಯ ಇಬ್ಬರು ರೋಗಿಗಳು 1946ರಲ್ಲಿ ತೀರಿಕೊಂಡರು. 1970ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಬರ್ಗೆನ್ನಿನ ಕುಷ್ಠರೋಗ ದಾಖಲೆಗಳನ್ನು ಯುನೆಸ್ಕೋ 2001ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. 1856ರಿಂದ ಸುಮಾರು ಒಂದು ನೂರು ವರ್ಷಗಳ ಅವಧಿಯಲ್ಲಿ ಬರೆದ ಎಂಟು ಸಾವಿರಕ್ಕೂ ಹೆಚ್ಚು ಹೆಸರುಗಳು ನೋಂದಣಿಯಲ್ಲಿವೆ. ಒಂದೊಂದು ಹೆಸರಿನ ಮುಂದೆ ಹುಟ್ಟಿದ ಹಳ್ಳಿ, ರೋಗ ಕಂಡ ವರ್ಷ, ಸತ್ತ ವರ್ಷ. ತಮ್ಮ ಮನೆತನದ ಯಾರೋ ಒಬ್ಬರು ಒಂದು ದಿನ ಮನೆಬಿಟ್ಟು ಹೊರಟು ಮತ್ತೆ ಬರಲಿಲ್ಲವೆಂಬುದನ್ನಷ್ಟೇ ಬಲ್ಲವರು ಈಗ ಆ ಪುಟಗಳಲ್ಲಿ ಅವರ ಹೆಸರನ್ನು ಹುಡುಕಿಕೊಳ್ಳಬಹುದು.